ಒಂದನೇ ನಂಬರಿನ ಜಾಗ

ಸಂಕಟಗಳಲ್ಲಿ ಹೇಳಿಕೊಳ್ಳಬಹುದಾದವು, ಹೇಳಿಕೊಳ್ಳಲಾಗದವು ಎಂದು ಎರಡು ಬಗೆ. ಸೊಂಟ ಹಿಡಿದಿದೆ ಅನ್ನಿ, ವರ್ಗಾವಣೆ ಆಗಿದೆ ಅನ್ನಿ, ಹಲ್ಲು ಕೀಳಿಸಬೇಕಾಗಿದೆ ಅನ್ನಿ, ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮನ್ನು ನಿಲ್ಲಿಸಿ ಚಹಾ ಕುಡಿಸಿ ಪೂರ್ತಿ ಕೇಳುವವರು ಸಿಗುತ್ತಾರೆ. ಆದರೆ "ನಾನು ಮೀನು ಹಿಡಿಯುತ್ತಿದ್ದ ಜಾಗ ಕೈತಪ್ಪಿ ಹೋಯಿತು, ಅಂದಿನಿಂದ ಊಟ ರುಚಿಸುತ್ತಿಲ್ಲ" ಎಂದು ಕೊರಳಲ್ಲಿ ಲಿಂಗ ಕಟ್ಟಿಕೊಂಡ, ಹಣೆಗೆ ವಿಭೂತಿ ಹಚ್ಚಿಕೊಂಡ, ಹೈಸ್ಕೂಲಿನಲ್ಲಿ ಭೂಗೋಳ ಹೇಳುವ ಮನುಷ್ಯನೊಬ್ಬ ಅತ್ತರೆ, ಕೇಳುವವರು ಮೊದಲು ಅವನ ಬಾಯಿ ಮೂಸಿ ನೋಡುತ್ತಾರೆ. ಅದಕ್ಕೇ ನಾನು ಯಾರಿಗೂ ಹೇಳದೆ ಒಳಗೊಳಗೇ ಕುದಿಯುತ್ತಿದ್ದೇನೆ. ನಿಮಗೆ ಹೇಳುತ್ತಿರುವುದು ನಿಮ್ಮ ಮೇಲಿನ ವಿಶ್ವಾಸದಿಂದ ಎಂದು ತಿಳಿಯಬೇಡಿ. ನೀವು ನಮ್ಮ ಬೀಗರ ಪೈಕಿ ಅಲ್ಲ ಎಂಬ ಧೈರ್ಯದಿಂದ.

ಈ ಚಟಕ್ಕೆ ನನ್ನನ್ನು ಹಚ್ಚಿದವರು ಡಾಕ್ಟರು. ನರೋಣಾದ ಶಾಲೆಗೆ ದಿನಾ ಬಸ್ಸಿನಲ್ಲಿ ಜೋತಾಡುತ್ತ ಹೋಗಿ ಬಂದು ನನ್ನ ರಕ್ತದೊತ್ತಡ ಏರಿತ್ತು. "ಮಾಸ್ತರ್ರೆ, ಗುಳಿಗಿ ಒಂದ ಕಡಿ ಇರ್ಲಿ. ವಾರದಾಗ ಒಂದಿನ ನೀರಿನ ದಂಡಿಗೆ ಹೋಗಿ ಸುಮ್ಮ ಕುಂದರ್ರಿ. ಏನೂ ವಿಚಾರ ಮಾಡಬ್ಯಾಡ್ರಿ" ಅಂದರು. ಹೇಳುವುದಕ್ಕೇನು, ಅವರಿಗೆ ನಮ್ಮ ಜನ ಗೊತ್ತಿಲ್ಲ. ಅಮರ್ಜಾ ಡ್ಯಾಮಿನ ದಂಡೆಯ ಮೇಲೆ ಒಬ್ಬ ಮಾಸ್ತರ ಒಂಟಿಯಾಗಿ ಸುಮ್ಮನೆ ಕೂತರೆ ದಾರಿಯಲ್ಲಿ ಹೋಗುವ ಪ್ರತಿಯೊಬ್ಬನೂ ಮೋಟರ್‌ಸೈಕಲ್ ನಿಲ್ಲಿಸುತ್ತಾನೆ. "ಯಾಕ್ರಿ ಸರ್, ಮನ್ಯಾಗ ಏನರ ಆತೇನು?" ಮೊದಲನೇ ಭಾನುವಾರ ಇಬ್ಬರು ನನ್ನನ್ನು ನೀರಿನಿಂದ ದೂರ ಎಳೆದು ಕೂಡಿಸಿ ಬುದ್ಧಿ ಹೇಳಿ ಹೋದರು. ಅವರಲ್ಲಿ ಒಬ್ಬ ನಾನೇ ಫೇಲು ಮಾಡಿದ್ದ ಹುಡುಗ; ಜೀವನ ದೊಡ್ಡದು, ಸೋಲಿಗೆ ಹೆದರಬಾರದು ಎಂದು ನನಗೆ ಹೇಳುವಾಗ ಅವನ ಮುಖದಲ್ಲಿ ಎಂಥಾ ಸಮಾಧಾನವಿತ್ತು ಅಂತೀರಿ.

ಕೈಯಲ್ಲಿ ಒಂದು ಗಾಳವಿದ್ದರೆ ಯಾರೂ ಏನೂ ಕೇಳುವುದಿಲ್ಲ ಎಂದು ಉಪಾಯ ಹೇಳಿಕೊಟ್ಟವನು ಖಾಜಾ. ಬಸ್‌ಸ್ಟ್ಯಾಂಡಿನ ಹಿಂದೆ ಗ್ಯಾರೇಜ್ ಇಟ್ಟಿರುವ ಇವನು ಸಣ್ಣಂದಿನಿಂದ ನನ್ನ ಗೆಳೆಯ. ತನ್ನದೊಂದು ಹಳೇ ಕೋಲು ಕೊಟ್ಟ, ಗೋಧಿ ಹಿಟ್ಟಿಗೆ ಅರಿಶಿನ ಹಾಕಿ ಉಂಡೆ ಕಟ್ಟುವುದನ್ನು ಕಲಿಸಿದ, ತನ್ನ ಪರಿಚಯದವರ ತೆಪ್ಪವನ್ನೂ ಗೊತ್ತು ಮಾಡಿದ. ಕರಾರು ಸರಳವಾಗಿತ್ತು: ಹಿಡಿಯುವುದು ನಾನು, ಒಯ್ಯುವುದು ಅವನು. ನನಗೆ ಮೀನು ಮುಟ್ಟಲಿಕ್ಕೂ ಮೈ ಜುಮ್ಮೆನ್ನುತ್ತಿತ್ತು. ಗಾಳದಿಂದ ಬಿಡಿಸುವುದೂ ಅವನೇ. ನಾನು ಮುಖ ಆ ಕಡೆ ತಿರುಗಿಸಿ ಕೂಡುತ್ತಿದ್ದೆ. ಇಂಥ ಬೇಟೆಗಾರನನ್ನು ಮೀನುಗಳೂ ಮೊದಲ ಸಲ ನೋಡಿರಬೇಕು.

ಬೇರೆಯವರಾದರೆ ಇಷ್ಟಕ್ಕೇ ನಿಲ್ಲಿಸುತ್ತಿದ್ದರು. ನಾನು ಭೂಗೋಳದವನು, ನಕಾಶೆ ಇಲ್ಲದೆ ಅಡುಗೆಮನೆಗೂ ಹೋಗಲಾರೆ. ಫೋನಿನಲ್ಲಿ ಹುಡುಕಿದಾಗ ಒಂದು ಆ್ಯಪ್ ಸಿಕ್ಕಿತು. ಉಪಗ್ರಹದಿಂದ ನೀರಿನ ಉಷ್ಣತೆ ಅಳೆದು, ಬಿಸಿಯಿದ್ದಲ್ಲಿ ಕೆಂಪು, ತಂಪಿದ್ದಲ್ಲಿ ನೀಲಿ, ನಡುವೆ ಹಳದಿ ಹಸಿರು ಬಣ್ಣ ಹಚ್ಚಿ ಕೆರೆಯ ನಕಾಶೆ ತೋರಿಸುವಂಥದ್ದು. ಬಿಸಿ ನೀರು ತಂಪು ನೀರು ಕೂಡುವ ಅಂಚಿನಲ್ಲಿ ಮೀನು ಸೇರುತ್ತವೆ, ಆ ಅಂಚನ್ನು ಜಿಪಿಎಸ್ ಹಿಡಿದು ಹುಡುಕಿ, ಸಿಕ್ಕ ಜಾಗಕ್ಕೆ ಗುರುತು ಹಾಕಿಕೊಳ್ಳಿ ಎಂದು ಅದರಲ್ಲಿ ಬರೆದಿತ್ತು. ಓದಿ ನನಗೆ ರೋಮಾಂಚನವಾಯಿತು. ಇಷ್ಟು ವರ್ಷ ಉಷ್ಣ ಪ್ರವಾಹ, ಶೀತ ಪ್ರವಾಹ ಎಂದು ಹುಡುಗರಿಗೆ ಬಾಯಿಪಾಠ ಮಾಡಿಸಿದ್ದು ಕೊನೆಗೂ ಒಂದು ಉಪಯೋಗಕ್ಕೆ ಬಂತಲ್ಲ ಎಂದು. ನಕಾಶೆ ಸರಿಯೋ ತಪ್ಪೋ ತಾಳೆ ನೋಡಲು ಮನೆಯ ಜ್ವರದ ಥರ್ಮಾಮೀಟರಿಗೆ ದಾರ ಕಟ್ಟಿ ನೀರಿಗೆ ಬಿಟ್ಟೆ. ಅದು ಎಲ್ಲಿ ಬಿಟ್ಟರೂ ನೀರಿಗೆ ಜ್ವರವಿಲ್ಲ ಎಂದಷ್ಟೇ ಹೇಳಿತು. ಶಾಲೆಯ ಪ್ರಯೋಗಾಲಯದಿಂದ ಗಾಜಿನದೊಂದು ತಂದೆ. ಅದು ಕಲ್ಲಿಗೆ ಬಡಿದು ಒಡೆಯಿತು. ವಿಜ್ಞಾನದ ಮೇಡಂ ಇಂದಿಗೂ ನನ್ನನ್ನು ಕಂಡರೆ ಕಪಾಟಿಗೆ ಕೀಲಿ ಹಾಕುತ್ತಾರೆ.

ಆ ಆ್ಯಪ್ ಮಾಡಿದವರ ದೇಶದಲ್ಲಿ ಕೆರೆಯೆಂದರೆ ಸಮುದ್ರದಷ್ಟು ಇರುತ್ತದೆಂದು ಕಾಣುತ್ತದೆ. ನಮ್ಮ ಡ್ಯಾಮಿನ ಮೇಲೆ ಅದು ದಪ್ಪ ದಪ್ಪ ಚೌಕಗಳನ್ನಷ್ಟೇ ತೋರಿಸುತ್ತಿತ್ತು. ಕೆಂಪು ಚೌಕದಲ್ಲಿ ಅರ್ಧ ನೀರು, ಅರ್ಧ ದಂಡೆಯ ಕರಿಕಲ್ಲಿನ ನೆಲ. ಆ ಕಲ್ಲಿನ ಕಾವನ್ನೇ ನೀರಿನ ಕಾವೆಂದು ನಂಬಿ ನಾನು ಒಂದು ಇಡೀ ತಿಂಗಳು ಅಲ್ಲಿ ಗಾಳ ಹಾಕಿ ಕೂತೆ. ಖಾಜಾ ಫೋನು ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, "ಮಾಸ್ತರ್, ಇದು ನಕಾಶಿ ಅಲ್ಲ, ನಮ್ಮ ಮಾಮೂನ ಲುಂಗಿ" ಅಂದ. "ನೀ ಬಾಯಿ ಮುಚ್ಚಲೇ, ನಿನಗ ವಿಜ್ಞಾನ ತಿಳಿಯೂದಿಲ್ಲ" ಅಂದೆ. ನನಗೂ ತಿಳಿಯುತ್ತಿರಲಿಲ್ಲ, ಆದರೆ ಇಬ್ಬರಲ್ಲಿ ಪಗಾರ ತಗೊಳ್ಳುವವನು ನಾನು.

ಕೊನೆಗೂ ಹಸಿರು ಚೌಕ ಹಳದಿ ಚೌಕವನ್ನು ಮುಟ್ಟುವ ಒಂದು ಕಡೆ ಗಾಳ ಹಾಕಿದ್ದೇ ತಡ, ಕೈಯಲ್ಲಿ ಕೋಲು ನಿಲ್ಲಲೊಲ್ಲದು. ರೋಹು ಬಂತು, ಕಟ್ಲಾ ಬಂತು, ಜಿಲೇಬಿ ಮೀನುಗಳಂತೂ ಸಾಲು ಹಚ್ಚಿದವು. ಮುಂದಿನ ವಾರ ಅದೇ, ಅದರ ಮುಂದಿನ ವಾರವೂ ಅದೇ. ದಂಡೆಯಿಂದ ಗುರುತು ಹಿಡಿಯಲು ಅಲ್ಲಿ ಮರವಿಲ್ಲ, ಬಂಡೆಯಿಲ್ಲ, ಎತ್ತ ನೋಡಿದರೂ ನೀರು. ಜಿಪಿಎಸ್ ಇಲ್ಲದಿದ್ದರೆ ಮತ್ತೆ ಆ ಜಾಗ ಸಿಗುತ್ತಲೇ ಇರಲಿಲ್ಲ. ಫೋನಿನಲ್ಲಿ ಅದಕ್ಕೆ ಗುರುತು ಒತ್ತಿ "ನಂಬರ್ ಒಂದು" ಎಂದು ಹೆಸರಿಟ್ಟೆ. ನಂಬರ್ ಎರಡು ಎಂಬುದು ಎಂದೂ ಆಗಲಿಲ್ಲ. ಖಾಜಾನ ಮನೆಯಲ್ಲಿ ಮೀನು ತಿಂದು ತಿಂದು ಬೇಸತ್ತು, ಅವನ ಹೆಂಡತಿ ಒಂದಿನ ದಾರಿಯಲ್ಲಿ ನನ್ನನ್ನು ತಡೆದು, "ಭಾಯಿಜಾನ್, ಈ ಐತ್ವಾರ ಜರಾ ಆರಾಮ ಮಾಡ್ರಿ" ಎಂದು ಕೈ ಮುಗಿದಳು. ಆ ದಿನ ನನಗಾದಷ್ಟು ಸಂತೋಷ ಆದರ್ಶ ಶಿಕ್ಷಕ ಪ್ರಶಸ್ತಿ ಬಂದಿದ್ದರೂ ಆಗುತ್ತಿರಲಿಲ್ಲ.

ಆ ಜಾಗಕ್ಕೆ ಒಂದೇ ಒಂದು ದುರ್ಗುಣವಿತ್ತು. ಹೋದಾಗಲೆಲ್ಲ ಗಾಳ ತಳದಲ್ಲಿ ಏನಕ್ಕೋ ಸಿಕ್ಕಿಕೊಳ್ಳುತ್ತಿತ್ತು. ಎಷ್ಟು ಜಗ್ಗಿದರೂ ಬಿಡದು. ಕೊನೆಗೆ ದಾರ ಕಡಿದುಕೊಂಡು ಬರಬೇಕು. ಗಾಳ, ಸೀಸದ ಗುಂಡು, ದಾರ ಎಲ್ಲ ಹೋಯಿತು. "ಯಾವನಲೇ ಅಂವ ತಳಗ ಕುಂತು ಹಿಡ್ಕೊಂಡಾಂವ, ಬಿಡಲೇ ಹಲ್ಕಟ್" ಎಂದು ನಾನು ತೆಪ್ಪದಲ್ಲಿ ಎದ್ದು ನಿಂತು ಬೈದದ್ದುಂಟು. ತರಗತಿಯಲ್ಲಿ ಬಾಯಿಂದ ಬರದ ಮಾತುಗಳೆಲ್ಲ ಅಲ್ಲಿ ಬರುತ್ತಿದ್ದವು. ಬೈದು ಮುಗಿದ ಮೇಲೆ ರಕ್ತದೊತ್ತಡ ನಿಜಕ್ಕೂ ಇಳಿದಿರುತ್ತಿತ್ತು.

ಇನ್ನು ಮನೆಯ ವಿಷಯ. ನನ್ನ ಹೆಂಡತಿ ಸುವರ್ಣಾಗೆ ಎಲ್ಲ ಗೊತ್ತು. ಅವಳ ತಕರಾರು ಗೋಧಿ ಹಿಟ್ಟಿನದು ಮತ್ತು ವಾಸನೆಯದು; ಹಿತ್ತಲಲ್ಲಿ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಒಳಗೆ ಬಂದರೆ ಸಾಕು ಎಂದು ಒಪ್ಪಂದವಾಗಿತ್ತು. ಗೊತ್ತಿಲ್ಲದವರು ಅವಳ ತಾಯಿ, ನಮ್ಮತ್ತಿ ಗೌರಮ್ಮನವರು. ಇವರು ಕೆಲವು ತಿಂಗಳು ಕರಜಗಿಯಲ್ಲಿ ಮಗ ಶಿವಣ್ಣನ ಕಬ್ಬಿನ ತೋಟದಲ್ಲಿ, ಕೆಲವು ತಿಂಗಳು ನಮ್ಮಲ್ಲಿ. ಭಾನುವಾರ ಡ್ಯಾಮಿಗೆ ಹೋಗಿ, ಬಂದ ಕೂಡಲೆ ಸ್ನಾನ ಮಾಡಿ ಮಾತಿಲ್ಲದೆ ಕೂಡುವ ಅಳಿಯನನ್ನು ನೋಡಿ ಅವರು ತಮ್ಮದೇ ಅರ್ಥ ಕಟ್ಟಿಕೊಂಡಿದ್ದರು. "ನಮ್ಮ ಅಳಿಯಂದ್ರು ನೀರಿನ ದಂಡ್ಯಾಗ ಕುಂತು ಶಿವಧ್ಯಾನ ಮಾಡ್ತಾರ. ಮಾರಿ ನೋಡ್ರಿ, ಎಷ್ಟ ಶಾಂತ ಆಗ್ಯದ" ಎಂದು ಓಣಿಯಲ್ಲಿ ಹೇಳಿ ಬಂದಿದ್ದರು. ಮಠದಲ್ಲಿ ಒಬ್ಬಿಬ್ಬರು ನನಗೆ ನಮಸ್ಕಾರ ಮಾಡುವ ರೀತಿಯೂ ಬದಲಾಗಿತ್ತು.

ಅತ್ತಿಯ ಒಂದು ದುಃಖವನ್ನು ಇಲ್ಲಿ ಹೇಳಲೇಬೇಕು. ನನ್ನ ಮದುವೆಯಾದ ಒಂದೆರಡು ವರ್ಷಕ್ಕೆ ಮಾವನವರು ತೀರಿಕೊಂಡರು. ನಮ್ಮಲ್ಲಿ ಸುಡುವುದಿಲ್ಲ, ಕೂತ ಭಂಗಿಯಲ್ಲೇ ಹೂಳುತ್ತೇವೆ. ಹೊಲವಿದ್ದವರನ್ನು ಅವರ ಹೊಲದಲ್ಲೇ ಕೂಡಿಸುತ್ತೇವೆ. ಮಾವನವರನ್ನೂ ಅವರ ಹೊಲದ ಬೇವಿನ ಮರದ ಕೆಳಗೆ ಕೂಡಿಸಿ, ಮೇಲೆ ಕಲ್ಲಿನ ಗದ್ದುಗೆ ಕಟ್ಟಿದೆವು. ಆಮೇಲೆ ಡ್ಯಾಮಿನ ನೀರು ನಿಂತಿತು. ಬೇವಿನ ಮರ, ಗದ್ದುಗೆ, ಹೊಲ, ಹೊಲಕ್ಕೆ ಹೋಗುವ ದಾರಿ ಎಲ್ಲ ಒಳಗೆ ಹೋದವು. ಪರಿಹಾರ ಬಂತು, ಶಿವಣ್ಣ ಕರಜಗಿಯಲ್ಲಿ ನೀರಾವರಿ ಭೂಮಿ ಹಿಡಿದ, ಮೊದಲಿಗಿಂತ ಚೆನ್ನಾಗಿಯೇ ಇದ್ದಾನೆ. ಆದರೆ ಎಳ್ಳ ಅಮಾಸಿ ಬಂದಾಗ ಅತ್ತಿಯ ಮುಖ ನೋಡಲಾಗುತ್ತಿರಲಿಲ್ಲ. ಆ ದಿನ ನಮ್ಮ ಕಡೆ ಊರಲ್ಲಿ ಯಾರೂ ಉಳಿಯುವುದಿಲ್ಲ. ಭಜ್ಜಿ ಪಲ್ಲೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು ಬುಟ್ಟಿಗಳಲ್ಲಿ ಹೊತ್ತು ಎಲ್ಲರೂ ತಮ್ಮ ತಮ್ಮ ಹೊಲಕ್ಕೆ ಹೋಗಿ, ಹೊಲದ ತುಂಬ ಚರಗ ಚೆಲ್ಲಿ, ಅಂದರೆ ಮಾಡಿದ ಅಡುಗೆಯನ್ನು ಭೂಮಿತಾಯಿಗೆ ಎರಚಿ, ಆಮೇಲೆ ತಾವು ಉಣ್ಣುತ್ತಾರೆ. ಅತ್ತಿ ಕರಜಗಿಯ ಹೊಲದಲ್ಲಿ ಚರಗ ಚೆಲ್ಲಲು ಒಪ್ಪಲಿಲ್ಲ. "ಅದು ಮಗನ ಹೊಲ. ನನ್ನ ಹೊಲದಾಗ ಅವರು ಒಬ್ರೇ ಕುಂತಾರ" ಅನ್ನುವರು. ಪ್ರತಿ ವರ್ಷ ಡ್ಯಾಮಿನ ದಂಡೆಯಲ್ಲಿ ನಿಂತು ಅಂದಾಜಿನ ಮೇಲೆ ನೀರಿಗೆ ರೊಟ್ಟಿ ಎಸೆಯುವರು. ಹೊಲ ಆ ಕಡೆ ಎಂದು ಶಿವಣ್ಣ ಎಡಕ್ಕೆ ಕೈ ಮಾಡುವನು, ಈ ಕಡೆ ಎಂದು ಅತ್ತಿ ಬಲಕ್ಕೆ ಮಾಡುವರು. ತಾಯಿ ಮಗನ ಜಗಳದೊಂದಿಗೆ ಹಬ್ಬ ಮುಗಿಯುತ್ತಿತ್ತು. ಅವರೆಸೆದ ರೊಟ್ಟಿ ಹತ್ತು ಮಾರು ಹೋಗಿ ತೇಲುತ್ತಾ ಹಿಂದಕ್ಕೆ ಅವರ ಕಾಲ ಬಳಿಗೇ ಬರುತ್ತಿತ್ತು.

ಈ ವರ್ಷ ಅಮಾಸಿಗೆ ಇನ್ನೂ ವಾರವಿರುವಾಗ ನಾನು ಜಗುಲಿಯಲ್ಲಿ ಫೋನು ನೋಡುತ್ತ ಕೂತಿದ್ದೆ. ಮೊಣಕಾಲು ಹಿಡಿದುಕೊಂಡು ಬಂದ ಅತ್ತಿ ಬಗ್ಗಿ ನೋಡಿದರು.

"ಇದೇನ್ರಿ ಅಳಿಯಂದ್ರೆ, ಬಣ್ಣಬಣ್ಣದ್ದು?"

"ಡ್ಯಾಮ್ ರಿ ಅತ್ತಿ. ಮ್ಯಾಲಿಂದ ನೋಡಿದ್ರ ಹಿಂಗ ಕಾಣ್ತದ."

"ನಮ್ಮ ಹೊಲ ಎಲ್ಯದ ಅಂತ ಇದರಾಗ ಕಾಣ್ತದೇನು?"

ಕಾಣುವುದಿಲ್ಲ ಅಂದಿದ್ದರೆ ಇಂದು ನಾನು ಸುಖವಾಗಿರುತ್ತಿದ್ದೆ. ಆದರೆ ಭೂಗೋಳದ ಮಾಸ್ತರನಿಗೆ ಯಾರಾದರೂ ದಾರಿ ಕೇಳಿದರೆ ಸಾಕು, ತನ್ನ ಮನೆಯ ದಾರಿ ಮರೆತು ಹೋಗುತ್ತದೆ. "ಯಾಕ ಕಾಣೂದಿಲ್ರಿ, ಈಗ ತಗೀತೀನಿ ನೋಡ್ರಿ" ಅಂದುಬಿಟ್ಟೆ. ಹಳೆಯ ಊರ ನಕಾಶೆಗಳು ಈಗ ಫೋನಿನಲ್ಲೇ ಸಿಗುತ್ತವೆ. ಅತ್ತಿಗೆ ಸರ್ವೆ ನಂಬರು ತಮ್ಮ ಹೆಸರಿನಷ್ಟೇ ನೆನಪಿತ್ತು. ಮುಳುಗದೆ ಉಳಿದ ಗುಡ್ಡದ ಗುಡಿ, ರಸ್ತೆಯ ತಿರುವು ಇವನ್ನು ಆಧಾರ ಮಾಡಿಕೊಂಡು ಹಳೇ ನಕಾಶೆಯನ್ನು ಹೊಸದರ ಮೇಲೆ ಕೂಡಿಸಿದೆ. ಹೊಲದ ನಾಲ್ಕು ಮೂಲೆ ನೀರಿನ ನಡುವೆ ಮೂಡಿದವು. "ಮೂಡಣ ಬದುವಿನ ಮ್ಯಾಲ ಬೇವಿನ ಗಿಡ, ಅದರ ಬುಡಕ್ಕ ಅವರು" ಎಂದು ಅತ್ತಿ ಉಸಿರು ಬಿಗಿಹಿಡಿದು ಹೇಳಿದರು. ನಾನು ಬೆರಳಿಟ್ಟು ಅಲ್ಲೊಂದು ಗುರುತು ಒತ್ತಿದೆ. ಫೋನು ಒತ್ತಲು ಬಿಡಲಿಲ್ಲ. ಈ ಜಾಗದಲ್ಲಿ ಆಗಲೇ ನಿಮ್ಮದೊಂದು ಗುರುತಿದೆ ಎಂದಿತು. ದೊಡ್ಡದು ಮಾಡಿ ನೋಡಿದೆ. ನಂಬರ್ ಒಂದು.

ಯಾರು ತಳದಲ್ಲಿ ಕೂತು ನನ್ನ ಗಾಳ ಹಿಡಿದುಕೊಳ್ಳುತ್ತಿದ್ದರು, ಎದ್ದು ನಿಂತು ನಾನು ಯಾರನ್ನು ಬೈಯುತ್ತಿದ್ದೆ ಎಲ್ಲ ಒಮ್ಮೆಗೇ ತಿಳಿಯಿತು. ಕಲ್ಲಿನ ಗದ್ದುಗೆ, ಬೇವಿನ ಬೊಡ್ಡೆ, ಅದರ ಸಂದಿಗೊಂದಿ. ಮೀನು ಅಲ್ಲಿ ಸೇರದೆ ಇನ್ನೆಲ್ಲಿ ಸೇರುತ್ತವೆ? ಹಸಿರು ಹಳದಿ ಚೌಕಗಳಿಗೂ ಅದಕ್ಕೂ ಏನೂ ಸಂಬಂಧವಿರಲಿಲ್ಲ. ನನ್ನ ವಿಜ್ಞಾನವೆಲ್ಲ ಸೇರಿ ಸತ್ತವರೊಬ್ಬರ ನೆರಳಿನಲ್ಲಿ ಬದುಕಿತ್ತು. ಅದರಲ್ಲೂ ಯಾರು? ಮೀನಿನ ಬಾಜಾರಿನ ದಾರಿಯಲ್ಲಿ ಹೋಗುವುದೇ ಬೇಡವೆಂದು ಅರ್ಧ ಊರು ಸುತ್ತಿ ಬರುತ್ತಿದ್ದ, ಅಕಸ್ಮಾತ್ ವಾಸನೆ ಬಂದರೆ ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದ ನಮ್ಮ ಮಾವನವರು. ಅವರು ಇದ್ದಾಗ ನಮ್ಮಿಬ್ಬರ ನಡುವೆ ನಡೆದ ಮಾತೆಂದರೆ "ಊಟಾತೇನ್ರಿ" ಎಂದು ಅವರು, "ಆತ್ರಿ" ಎಂದು ನಾನು. ಅವರು ಸತ್ತ ಮೇಲೆ ನಾನು ಅವರೊಂದಿಗೆ ಎಷ್ಟೊಂದು ಮಾತಾಡಿದ್ದೆ, ಎಂಥೆಂಥಾ ಮಾತು!

"ಸಿಕ್ತೇನ್ರಿ?" ಅತ್ತಿ ಕೇಳಿದರು. ಸಿಕ್ಕಿತೆಂದು ಗೋಣು ಹಾಕಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಈ ಸಲ ಅಲ್ಲೇ ಹೋಗಿ ಚರಗ ಚೆಲ್ತೀನಿ. ಬರೋಬರಿ ಅವರ ಮುಂದ. ನನ್ನ ಕರ್ಕೊಂಡ ಹೋಗ್ರಿ" ಅಂದರು. ಈಜು ಬಾರದ, ಮೊಣಕಾಲು ಮಡಿಸಲಾಗದ ಹೆಂಗಸು ತಾವಾಗಿ ತೆಪ್ಪ ಹತ್ತುತ್ತೇನೆ ಅನ್ನುತ್ತಿದ್ದರು.

ಅವತ್ತು ಸುವರ್ಣಾಗೆ ವಿಷಯ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ನಮ್ಮಪ್ಪನ ನೆತ್ತಿ ಮ್ಯಾಲ ಗಾಳ ಇಳಿಬಿಟ್ಟಿದ್ರಿ?" ಅಂದಳು. ಆಮೇಲೆ ರೊಟ್ಟಿ ಬಡಿಯುವ ಸದ್ದು ಜೋರಾಯಿತು.

ಈಗ ನಿಮ್ಮ ಮುಂದೆ ಒಂದು ಮಾತು ಹೇಳುತ್ತೇನೆ, ನಗಬೇಡಿ. ಆ ವಾರವೆಲ್ಲ ನನ್ನನ್ನು ಕಾಡಿದ್ದು ಪಶ್ಚಾತ್ತಾಪವಲ್ಲ, ಜಾಗ ಹೋಗುತ್ತದಲ್ಲ ಎಂಬ ಸಂಕಟ. ಅತ್ತಿಗೆ ನಿಜವಾದ ಜಾಗ ತೋರಿಸಿದರೆ ಮುಗಿಯಿತು, ಇನ್ನು ಜನ್ಮದಲ್ಲಿ ಅಲ್ಲಿ ಗಾಳ ಹಾಕಲಾರೆ. ಅದೇ ಒಂದು ಸ್ವಲ್ಪ ಆಚೆ ತೋರಿಸಿದರೆ? ನೀರು ನೀರೇ. ಇಷ್ಟು ವರ್ಷ ದಂಡೆಯಿಂದ ಎಸೆದವರಿಗೆ ನೂರಿನ್ನೂರು ಮಾರಿನ ವ್ಯತ್ಯಾಸ ಏನು ಮಹಾ? ಅವರಿಗೆ ಸಮಾಧಾನ, ನನಗೆ ಮೀನು, ಮಾವನವರಿಗೆ ಹೇಗೂ ಗೊತ್ತಾಗದು. ಹೀಗೆ ಯೋಚಿಸುತ್ತ ನಾನು ತರಗತಿಯಲ್ಲಿ ಅಕ್ಷಾಂಶ ರೇಖಾಂಶ ಪಾಠ ಮಾಡಿದೆ. ಒಂದು ಜಾಗಕ್ಕೆ ಒಂದೇ ಗುರುತು ಇರುತ್ತದೆ ಮಕ್ಕಳೇ, ಅದನ್ನು ಯಾರೂ ಬದಲಿಸಲಾಗದು ಎಂದು ಹಲಗೆಯ ಮೇಲೆ ಬರೆದು, ಕೆಳಗೆ ಗೆರೆ ಕೂಡ ಎಳೆದೆ.

ಅಮಾಸಿಯ ದಿನ ಶಿವಣ್ಣ ಕರಜಗಿಯಿಂದ ಜೀಪು ತಂದ. ದಂಡೆಗೆ ಹೋಗುವಷ್ಟರಲ್ಲಿ ಖಾಜಾ ತೆಪ್ಪದೊಳಗೆ ಲಾರಿ ಟ್ಯೂಬೊಂದಕ್ಕೆ ಗಾಳಿ ತುಂಬಿ ಇಟ್ಟು, ಮೇಲೆ ಕೌದಿ ಹಾಸಿ ಸಿಂಹಾಸನ ಮಾಡಿದ್ದ. "ಅಮ್ಮಾರೆ, ಕುಂದರ್ರಿ. ತೆಪ್ಪ ಮುಳುಗಿದ್ರೂ ನೀವು ಮುಳುಗೂದಿಲ್ಲ, ನನ್ನ ಗ್ಯಾರಂಟಿ" ಅಂದ. ಶಿವಣ್ಣ ಮತ್ತು ಸುವರ್ಣಾ ಎರಡು ಕಡೆ ಹಿಡಿದು ಅತ್ತಿಯನ್ನು ಅದರಲ್ಲಿ ಇಳಿಸಿದರು. ಮಡಿಲಲ್ಲಿ ಬುಟ್ಟಿ, ಎದೆಗೆ ಒತ್ತಿ ಹಿಡಿದ ಲಿಂಗ, ಸುತ್ತ ಟ್ಯೂಬು. ತೆಪ್ಪ ಅಲ್ಲಾಡಿದಾಗಲೆಲ್ಲ "ಶಿವನೇ" ಅನ್ನುವರು. ತೆಪ್ಪದಲ್ಲಿ ಮೂವರಿಗಷ್ಟೇ ಜಾಗ; ಸುವರ್ಣಾಳೊಂದಿಗೆ ದಂಡೆಯ ಮೇಲೆ ಉಳಿದ ಶಿವಣ್ಣ, "ಎಡಕ್ಕ ಹೋಗ್ರಿ ಮಾಮಾ, ಎಡಕ್ಕ" ಎಂದು ನಾವು ಕಾಣದಾಗುವವರೆಗೂ ಕೂಗುತ್ತಿದ್ದ.

ನಾನು ಫೋನು ಹಿಡಿದು ದಿಕ್ಕು ಹೇಳಿದೆ. ಬೇಕೆಂದೇ ತುಸು ಬಲಕ್ಕೆ ಹೇಳಿದೆ. ಖಾಜಾ ಒಮ್ಮೆ ಹುಟ್ಟು ನಿಲ್ಲಿಸಿ ನನ್ನ ಮುಖ ನೋಡಿದ. ನಾನು ನೀರು ನೋಡಿದೆ. "ಇಲ್ಲೇ ರಿ ಅತ್ತಿ, ಇದೇ" ಅಂದೆ.

ಅತ್ತಿ ಬುಟ್ಟಿಯ ಮೇಲಿನ ಬಟ್ಟೆ ತೆಗೆದರು. ನೀರು ಕಪ್ಪು ಕಲ್ಲಿನಂತೆ ತಣ್ಣಗೆ ನಿಂತಿತ್ತು. ರೊಟ್ಟಿ ಮುರಿದು ಕೈಯಲ್ಲಿ ಹಿಡಿದು, ಅವರು ಎಸೆಯದೆ ಮಾತಾಡಲು ಶುರುಮಾಡಿದರು. "ಬಂದೀನ್ರಿ. ಇಷ್ಟ ದಿನ ದಂಡೀಗೆ ನಿಂತು ಒದರತಿದ್ದೆ, ನಿಮಗ ಕೇಳಿಸ್ತೋ ಇಲ್ಲೋ. ಶಿವಣ್ಣನ ತ್ವಾಟ ಛಲೋ ಅದ. ಮೊಮ್ಮಗಳಿಗಿ ಗಂಡು ಗೊತ್ತಾಗ್ಯದ. ನನ್ನ ಮೊಣಕಾಲ ಒಂದ ಸರಿ ಇಲ್ಲ ನೋಡ್ರಿ. ಇದ ಕಡೀ ಸಲ ಇದ್ದೀತು, ಮತ್ತ ಬರಲಿಕ್ಕ ಆಗ್ತದೋ ಇಲ್ಲೋ..." ಹೀಗೆ ಹೇಳುತ್ತಾ ಹೇಳುತ್ತಾ ತೆಪ್ಪದ ಅಂಚಿನಿಂದ ಬಗ್ಗಿ, ಯಾರೂ ಇಲ್ಲದ ಬರೀ ನೀರನ್ನು ನೋಡತೊಡಗಿದರು.

ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ನನ್ನಂಥ ನೀಚ ಮೂರು ತಾಲೂಕಿನಲ್ಲಿ ಇಲ್ಲ ಅನ್ನಿಸಿತು. ಆಳಂದ, ಅಫಜಲಪುರ, ಜೇವರ್ಗಿ ಎಲ್ಲಿ ಹುಡುಕಿದರೂ ಸಿಗಲಾರ.

"ಅತ್ತಿ, ಜರಾ ನಿಲ್ರಿ. ಇದಲ್ರಿ. ಇನ್ನೂ ಆ ಕಡಿ ಹೋಗಬೇಕು."

ಖಾಜಾ ತೆಪ್ಪ ತಿರುಗಿಸಿದ. ನಂಬರ್ ಒಂದಕ್ಕೆ ಬಂದು ನಿಂತೆವು. ಅತ್ತಿ ರೊಟ್ಟಿ ಚೆಲ್ಲಲಿಲ್ಲ. ಅವರ ಮುಖ ಬಾಡಿತ್ತು.

"ಮೊದಲ ಅದಂದ್ರಿ, ಈಗ ಇದಂತೀರಿ. ಶಿವಣ್ಣನಂಗ ನೀವೂ ಅಂದಾಜ ಹೊಡಿಯಾಕತ್ತೀರೇನ್ರಿ? ನಾ ಮುದುಕಿ, ನನಗ ಎಲ್ಲಿ ತೋರಿಸಿದ್ರೂ ನಡೀತದ ಅಂತ ತಿಳ್ಕೊಂಡಿರೇನು?"

"ಇಲ್ರಿ ಅತ್ತಿ, ಇದು ಖರೇ. ಫೋನಿನ್ಯಾಗ..."

"ಫೋನ್ ಒಯ್ದು ನೀ‌ರಾಗ ಹಾಕ್ರಿ. ಅದು ಅವರ ಮಾರಿ ನೋಡೇದೇನು?"

ಅವರು ಅಳತೊಡಗಿದರು. ಬುಟ್ಟಿಯ ಬಟ್ಟೆ ಮತ್ತೆ ಮುಚ್ಚಿದರು. "ನಡೀರಿ ಹೊಳ್ಳಿ ಹೋಗೂಣು" ಅಂದರು. ನನ್ನ ಬಳಿ ಇನ್ನೊಂದೇ ಪುರಾವೆ ಇತ್ತು. ಅದನ್ನು ತೆಗೆದರೆ ಶಿವಧ್ಯಾನ, ಶಾಂತ ಮುಖ, ಮಠದ ನಮಸ್ಕಾರ ಎಲ್ಲ ಹೋಗುತ್ತಿತ್ತು. ಖಾಜಾ ಕೆಮ್ಮಿದ. ನಾನು ಬಾಯಿಬಿಟ್ಟೆ.

"ಅತ್ತಿ, ನಾ ಧ್ಯಾನ ಮಾಡಾಕ ಬರ್ತಿದ್ದಿಲ್ರಿ. ಮೀನ ಹಿಡಿಯಾಕ ಬರ್ತಿದ್ದೆ. ಇದೇ ಜಾಗಕ್ಕ. ಪ್ರತಿ ಸಲ ನನ್ನ ಗಾಳ ತಳದಾಗ ಕಲ್ಲಿಗಿ ಸಿಕ್ಕೊಂತದ. ಸುತ್ತಮುತ್ತ ಎಲ್ಲೂ ಸಿಗೂದಿಲ್ಲ, ಇಲ್ಲೊಂದೇ ಸಿಗ್ತದ. ತಳಗ ಕಟ್ಟಿದ ಕಲ್ಲ ಅದಾವ್ರಿ."

ತೆಪ್ಪ ತನ್ನಷ್ಟಕ್ಕೆ ಮೆಲ್ಲಗೆ ತಿರುಗುತ್ತಿತ್ತು. ಶಾಪ ಬರುತ್ತದೆ ಎಂದು ತಲೆ ತಗ್ಗಿಸಿ ಕೂತೆ. ಬುಟ್ಟಿ ತಲೆಗೆ ಬೀಳಬಹುದೆಂದೂ ಅನ್ನಿಸಿತು. ಅತ್ತಿ ಅಳು ನಿಲ್ಲಿಸಿದ್ದರು.

"ಗಾಳ ತಂದೀರೇನು?"

"ಇಲ್ರಿ! ಇವತ್ತ ಹಬ್ಬ, ಹ್ಯಾಂಗ ತರ್ಲಿ?"

"ಹೈ ನಾ" ಎಂದು ಖಾಜಾ ಜೇಬಿನಿಂದ ತನ್ನ ಗಾಳದ ಸುರುಳಿ ದಾರ ತೆಗೆದ. ಅವನು ಮಸೀದಿಗೆ ಹೋದರೂ ಅದು ಜೇಬಿನಲ್ಲಿರುತ್ತದೆ.

"ಬಿಡ್ರಿ ನೋಡೂಣು" ಅಂದರು ಅತ್ತಿ.

ಬಿಟ್ಟೆ. ಗುಂಡು ತಳ ಮುಟ್ಟಿತು, ತುಸು ಎಳೆದೆ, ಎಂದಿನಂತೆ ಸಿಕ್ಕಿಕೊಂಡಿತು. ಜಗ್ಗಿ ತೋರಿಸಿದೆ, ಬರಲಿಲ್ಲ. ಅತ್ತಿ ಕೈ ಚಾಚಿದರು. ದಾರ ಅವರ ಕೈಗೆ ಕೊಟ್ಟೆ. ಮೀನು ಹಿಡಿಯುವ ದಾರವನ್ನು ಹುಟ್ಟಿದಾಗಿನಿಂದ ಮುಟ್ಟದ ಕೈ, ಅದನ್ನು ತೋರುಬೆರಳಿಗೆ ಸುತ್ತಿಕೊಂಡು ಮೆಲ್ಲಗೆ ಎಳೆಯಿತು. ತೆಪ್ಪ ಆ ಕಡೆ ವಾಲಿದಾಗ ದಾರ ಬಿಗಿಯಾಗುತ್ತಿತ್ತು, ಈ ಕಡೆ ಬಂದಾಗ ಸಡಿಲಾಗುತ್ತಿತ್ತು.

"ಜಗ್ಗಾಕತ್ತಾರ" ಅಂದರು ಅತ್ತಿ. "ಸುವರ್ಣಾನ ಅಪ್ಪ ಜಗ್ಗಾಕತ್ತಾರ ನೋಡ್ರಿ."

ತೆಪ್ಪದ ಓಲಾಟ ಅದು ಎಂದು ಹೇಳುವಷ್ಟು ವಿಜ್ಞಾನ ನನ್ನಲ್ಲಿತ್ತು. ಅದನ್ನು ಅಲ್ಲೇ ಬಿಟ್ಟು, ಅವರ ಮಡಿಲ ಬುಟ್ಟಿಯ ಬಟ್ಟೆ ತೆಗೆದೆ. ಖಾಜಾ ಆ ಕಡೆ ತಿರುಗಿ ಟೊಪ್ಪಿಗೆ ಸರಿಮಾಡಿಕೊಂಡ. ಅತ್ತಿ ಒಂದು ಕೈಯಲ್ಲಿ ದಾರ ಹಿಡಿದುಕೊಂಡೇ ಇನ್ನೊಂದು ಕೈಯಿಂದ ರೊಟ್ಟಿ, ಭಜ್ಜಿ, ಹೋಳಿಗೆ ಒಂದೊಂದಾಗಿ ನೀರಿಗೆ ಚೆಲ್ಲಿದರು. ಒಂದು ಚೂರೂ ದಂಡೆಗೆ ತೇಲಿ ಹೋಗಲಿಲ್ಲ. ಮೀನುಗಳು ಮೇಲೆದ್ದು ಬಂದು ನೀರು ಕುದಿಯುವಂತೆ ಮಾಡಿ ಎಲ್ಲ ತಿಂದು ಹೋದವು. ನಾನು ನನ್ನ ಗಾಳಕ್ಕೆ ಕಟ್ಟಿದ್ದ ಒಂದು ಉಂಡೆಗೂ ಅವು ಅಷ್ಟು ಪ್ರೀತಿ ತೋರಿಸಿರಲಿಲ್ಲ. "ಮೀನ ಕಂಡ್ರ ಮೂಗ ಮುಚ್ಚಿಕೊಂತಿದ್ರಿ, ಈಗ ನೋಡ್ರಿ ನಿಮ್ಮ ಪಂಕ್ತಿ" ಎಂದು ಅತ್ತಿ ಗಂಡನಿಗೆ ಹೇಳಿ, ಅಳುವಿನ ನಡುವೆಯೇ ನಕ್ಕರು. ಹೋಗೋಣ ಅನ್ನುವ ಧೈರ್ಯ ನನಗೂ ಖಾಜಾಗೂ ಬರಲಿಲ್ಲ. ಕೊನೆಗೆ ಅತ್ತಿಯೇ, "ಕಡೀರಿ" ಅಂದರು. ಖಾಜಾ ಚಾಕು ತೆಗೆದ. ದಾರ ಕಡಿದಾಗ ಅವರ ಕೈ ಒಮ್ಮೆ ಹಿಂದಕ್ಕೆ ಜಗ್ಗಿತು.

ದಂಡೆ ಹತ್ತಿರ ಬಂದಾಗ ಅತ್ತಿ ಕೇಳಿದರು.

"ಅಳಿಯಂದ್ರೆ, ನೀವು ಮೀನ ತಿಂತೀರೇನ್ರಿ?"

"ಲಿಂಗದ ಆಣಿಗೂ ಇಲ್ರಿ ಅತ್ತಿ."

"ಮತ್ತ್ಯಾಕ ಹಿಡೀತೀರಿ?"

ನಾನು ಡಾಕ್ಟರ ಹೆಸರು ಹೇಳಲು ಹೋದೆ. ರಕ್ತದೊತ್ತಡ ಹೇಳಲು ಹೋದೆ. ಬಿಸಿ ನೀರು ತಂಪು ನೀರು ಹೇಳಲು ಹೋದೆ. ಯಾವುದೂ ಬಾಯಿಗೆ ಬರಲಿಲ್ಲ. ಅತ್ತಿ ದಾರ ಒತ್ತಿ ಕೆಂಪು ಗೆರೆ ಮೂಡಿದ್ದ ತಮ್ಮ ಬೆರಳನ್ನು ನೋಡಿಕೊಂಡರು. ಹೆಬ್ಬೆರಳಿನಿಂದ ಅದನ್ನು ಸವರಿದರು.

"ಹೋಗ್ಲಿ ಬಿಡ್ರಿ, ತಿಳೀತು ನನಗ" ಅಂದರು.

ಏನು ತಿಳಿಯಿತು ಎಂದು ಕೇಳುವ ಆಸೆ ಇವತ್ತಿಗೂ ಇದೆ. ಯಾಕೆಂದರೆ ನನಗೆ ಇನ್ನೂ ತಿಳಿದಿಲ್ಲ. ಕೇಳಿಲ್ಲ. ನನ್ನ ಹೆಂಡತಿಗೆ, ಡಾಕ್ಟರಿಗೆ, ಖಾಜಾಗೆ ಅರ್ಥವಾಗದ ನನ್ನನ್ನು ಅರ್ಥಮಾಡಿಕೊಂಡ ಒಬ್ಬರೇ ಒಬ್ಬರು ಸಿಕ್ಕರು ಎಂದು ಎದೆ ತುಂಬಿ, ಕೈ ಹಿಡಿದು ಅವರನ್ನು ಜೀಪಿಗೆ ಹತ್ತಿಸಲು ಹೋದೆ. ಅತ್ತಿ ಮೂಗಿಗೆ ಸೆರಗು ಹಿಡಿದು, "ಶಿವಣ್ಣಾ, ನನ್ನ ಮುಂದ ಕೂಡಸಪ್ಪ. ಹಿಂದ ಅಳಿಯಂದ್ರು ಕುಂದರ್ತಾರ, ಮೀನ ನಾತ ಬರ್ತದ" ಅಂದರು.